ಗಾಳಿಪಾಲು, ಗಿಳಿಪಾಲು ಮತ್ತು ನನ್ನ ಕ್ಯಾಲೊರಿ

ದೇವರು ಪ್ರತಿಯೊಬ್ಬರಿಗೂ ಒಂದಲ್ಲ ಒಂದು ವಿದ್ಯೆ ಕೊಟ್ಟೇ ಕಳಿಸಿರುತ್ತಾನೆ ಎನ್ನುತ್ತಾರೆ. ಕೆಲವರಿಗೆ ಕಂಠ, ಕೆಲವರಿಗೆ ಕೈರುಚಿ, ಇನ್ನು ಕೆಲವರಿಗೆ ಎಂಥ ನೂಕುನುಗ್ಗಲಿನ ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟು ಹಿಡಿಯುವ ಚಳಕ. ನನ್ನ ಪಾಲಿಗೆ ಬಂದದ್ದು ಕಣ್ಣಂದಾಜು. ಮಾವಿನ ಮರದ ಕೆಳಗೆ ನಿಂತು, ಕತ್ತೆತ್ತಿ ಒಂದು ಸುತ್ತು ಬಂದರೆ ಈ ಮರ ಈ ಸಲ ಇಷ್ಟು ಕೊಡುತ್ತದೆ ಎಂದು ಹೇಳಬಲ್ಲೆ. ಇದೊಂದನ್ನು ಬಿಟ್ಟರೆ ನನಗೆ ಸೈಕಲ್ಲಿಗೆ ಕಳಚಿದ ಚೈನು ಹಾಕಲೂ ಬಾರದು. ಹೀಗೆ ಮರದ ಮೇಲಿರುವುದನ್ನೆಲ್ಲ ತೂಗುವ ಕಣ್ಣು, ಅದೇ ಮರದ ಕೆಳಗೆ ನಿಂತವನ ವಿಷಯದಲ್ಲಿ ಎಷ್ಟು ಕುರುಡಾಗಿರಬಲ್ಲದು ಎಂಬುದನ್ನು ನಾನು ಹೋದ ಎರಡು ವರ್ಷಗಳಲ್ಲಿ ಕಂಡೆ. ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆ ನಿಧಾನವೂ ಈ ಕಥೆಯ ಒಂದು ಭಾಗವೇ.

ವೃತ್ತಿಯಿಂದ ನಾನು ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಭಾನುವಾರ ಮಾತ್ರ ಅಂದಾಜುಗಾರ. ನಮ್ಮ ಕಡೆ ಮಾವಿನ ವ್ಯಾಪಾರ ಹಣ್ಣು ಕಣ್ಣಿಗೆ ಬಿದ್ದಮೇಲೆ ನಡೆಯುವುದಲ್ಲ. ಹೂ ಬಿಟ್ಟು ಹೀಚು ಕಟ್ಟುವ ಹೊತ್ತಿಗೇ ತೋಪಿನ ಫಸಲು ಕೈ ಬದಲಾಗಿರುತ್ತದೆ. ಇನ್ನೂ ಹುಟ್ಟದ ಹಣ್ಣನ್ನು ಒಬ್ಬ ಮಾರುತ್ತಾನೆ, ಇನ್ನೊಬ್ಬ ಕೊಳ್ಳುತ್ತಾನೆ. ಇಬ್ಬರ ನಡುವೆ ನಿಂತು "ಇಷ್ಟು ಟನ್ನು" ಎಂದು ಹೇಳಲು ಇಬ್ಬರೂ ನಂಬುವ ಮೂರನೆಯವನೊಬ್ಬ ಬೇಕಾಗುತ್ತದೆ. ನಮ್ಮಪ್ಪ ಆ ಮೂರನೆಯವರಾಗಿದ್ದರು. ಅವರ ಹಿಂದೆ ತೋಪು ಸುತ್ತಿ ಸುತ್ತಿ ನಾನೂ ಆದೆ. ಇದಕ್ಕೆ ಸಂಬಳ ಗಿಂಬಳ ಏನೂ ಇಲ್ಲ. ಸೀಸನ್ನಿನಲ್ಲಿ ಮನೆಗೆ ಒಂದೆರಡು ಕ್ರೇಟು ಬಾದಾಮಿ ಮಾವು ಬರುತ್ತದೆ, ಹಣ್ಣಿನ ಮಂಡಿಗೆ ಹೋದರೆ ಕುರ್ಚಿ ಒರೆಸಿ ಕೊಡುತ್ತಾರೆ. ಶಾಲೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದರೂ ಯಾರೂ ನನಗೆ ಕುರ್ಚಿ ಒರೆಸಿಕೊಟ್ಟಿಲ್ಲ.

ಅಪ್ಪ ಕಲಿಸಿದ ವಿಧಾನ ಸರಳ. ಮೊದಲು ಮರದಲ್ಲಿ ಕಂಡದ್ದನ್ನು ಮನಸ್ಸಿನಲ್ಲೇ ತೂಗಬೇಕು. ಆಮೇಲೆ ಕಳೆಯುತ್ತಾ ಹೋಗಬೇಕು. ಏಪ್ರಿಲ್ಲಿನ ಗಾಳಿಗೆ ಉದುರುವುದು ಗಾಳಿಪಾಲು. ಕೊಕ್ಕು ಹಾಕಿ ಕೆಡಿಸುವುದು ಗಿಳಿಪಾಲು. ಕಾವಲುಗಾರ ತಿನ್ನುವುದು ಕಾವಲುಪಾಲು. ಬೇಲಿ ಪಕ್ಕದ ಕೊಂಬೆಗಳದ್ದು ದಾರಿಹೋಕರ ಪಾಲು. ಇಷ್ಟನ್ನೂ ಕಳೆದು ಉಳಿದದ್ದೇ ಅಂದಾಜು. "ಮರ ತೋರಿಸೋದನ್ನ ಹೇಳ್ಬೇಡ ಕಣೋ, ಮರ ಕೊಡೋದನ್ನ ಹೇಳು" ಎನ್ನುತ್ತಿದ್ದರು. ಅವರದು ಇನ್ನೊಂದು ಮಾತೂ ಇತ್ತು. ಒಂದು ಮರವನ್ನು ಪಕ್ಕದ ಮರಕ್ಕೆ ಹೋಲಿಸಬಾರದು, ಅದೇ ಮರದ ಹೋದ ವರ್ಷಕ್ಕೆ ಹೋಲಿಸಬೇಕು. ಈ ಎರಡನೆಯ ಮಾತನ್ನು ನಾನು ಮರಗಳಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೆ.

ಈಗ ನನ್ನ ನಿಧಾನದ ವಿಷಯ. ನಾನು ಹುಟ್ಟಿದ್ದೇ ನಿಧಾನವಾಗಿ ಎಂದು ಅಮ್ಮ ಹೇಳುತ್ತಿದ್ದಳು. ಸೂಲಗಿತ್ತಿ ಎರಡು ಸಲ ಮನೆಗೆ ಹೋಗಿ ಊಟ ಮಾಡಿಕೊಂಡು ಬಂದಳಂತೆ. ನಾನು ಮಾತನಾಡುವುದು ನಿಧಾನ, ನಡೆಯುವುದು ನಿಧಾನ, ಬೋರ್ಡಿನ ಮೇಲೆ ಒಂದು ಸರಳರೇಖೆ ಎಳೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಒಂದು ನಿದ್ದೆ ತೆಗೆಯುತ್ತಾರೆ. ಇಂಥವನಿಗೆ ಥೈರಾಯ್ಡ್ ಗ್ರಂಥಿ ಸೋಮಾರಿಯಾಗುವ ಕಾಯಿಲೆ ಬಂದರೆ ಯಾರಿಗೆ ಗೊತ್ತಾಗಬೇಕು? ಚುರುಕಾದ ಮನುಷ್ಯ ನಿಧಾನವಾದರೆ ಊರೇ ಗಮನಿಸುತ್ತದೆ. ನಿಧಾನವಾದವನು ಇನ್ನಷ್ಟು ನಿಧಾನವಾದರೆ "ಮೇಷ್ಟ್ರು ಪಕ್ವವಾಗ್ತಿದಾರೆ" ಎನ್ನುತ್ತಾರೆ. ದನಿ ಗೊಗ್ಗರಾಯಿತು, ಚಾಕ್‌ಪೀಸಿನ ಧೂಳು ಎಂದುಕೊಂಡೆ. ಅಂಗೈ ಒರಟಾಯಿತು, ವಯಸ್ಸು ಎಂದುಕೊಂಡೆ. ಎಲ್ಲರಿಗೂ ಸೆಕೆಯಾದಾಗ ನನಗೆ ಚಳಿಯಾಗುತ್ತಿತ್ತು. ಅದು ನನ್ನ ವಿಶೇಷ ಗುಣವೆಂದು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ತೂಕ ಏರಿತು, ಅಂಗಿಗಳು ಒಗೆತಕ್ಕೆ ಕುಗ್ಗುತ್ತಿವೆ ಎಂದು ಸೋಪಿನ ಬ್ರ್ಯಾಂಡು ಬದಲಿಸಿದೆ.

ಆ ವರ್ಷದ ಹೂವಿನ ಕಾಲದಲ್ಲಿ ಮುಳಬಾಗಿಲಿನ ಖಾದರ್ ಭಾಯ್ ನನ್ನನ್ನು ತಾಯಲೂರಿನ ಹತ್ತಿರದ ಒಂದು ತೋಪಿಗೆ ಕರೆದುಕೊಂಡು ಹೋದರು. ಖಾದರ್ ಭಾಯ್ ಮಾವಿನ ವ್ಯಾಪಾರಿ. ಅವರ ತಂದೆ ನಮ್ಮಪ್ಪನ ಮಾತಿನ ಮೇಲೆ ತೋಪು ಹಿಡಿಯುತ್ತಿದ್ದರು, ಇವರು ನನ್ನ ಮಾತಿನ ಮೇಲೆ. ಅವತ್ತು ಸಾಲು ಸಾಲು ಸುತ್ತುತ್ತಿದ್ದಾಗ ಕಾಲು ಸೀಸದ ಹಾಗೆ ಭಾರವಾಯಿತು. ಒಂದು ಮರದ ಬುಡದಲ್ಲಿ ಕುಳಿತೆ. ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಎದ್ದು ಮತ್ತೆ ಸುತ್ತಿ, ಹನ್ನೆರಡು ಟನ್ನು ಎಂದು ಹೇಳಿದೆ. ಅವರು ಮರುಮಾತಾಡದೆ ತೋಪು ಹಿಡಿದರು. ಜೂನಿನಲ್ಲಿ ಕಾಯಿ ಇಳಿಸಿದಾಗ ಬಂದದ್ದು ಏಳೂ ಚಿಲ್ಲರೆ. ಗಾಳಿ ಆ ವರ್ಷ ಹೆಚ್ಚೇನೂ ಬೀಸಿರಲಿಲ್ಲ. ಗಿಳಿಗಳ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ. ಆಮೇಲೆ ಆ ತೋಪಿಗೆ ಒಬ್ಬನೇ ಹೋಗಿ ನಿಂತು ನೋಡಿದೆ. ಕುಳಿತೆದ್ದ ಮೇಲೆ ನಾನು ಎಣಿಸಿದ ಸಾಲುಗಳನ್ನೇ ಮತ್ತೆ ಎಣಿಸಿದ್ದೆ. ಬೇರೆ ಯಾವ ರೀತಿಯಲ್ಲೂ ಆ ಹನ್ನೆರಡು ಬರಲು ಸಾಧ್ಯವಿರಲಿಲ್ಲ.

ನಷ್ಟವೆಲ್ಲ ಖಾದರ್ ಭಾಯ್ ತಲೆಗೆ ಬಂತು, ಆದರೂ ದೂರಲಿಲ್ಲ. ಆ ಸಲವೂ ಬಾದಾಮಿ ಕ್ರೇಟು ಕಳಿಸಿದರು. ನನಗೆ ಆದದ್ದು ಭಯ. ಅಂದಾಜು ತಪ್ಪಿದ್ದಕ್ಕಲ್ಲ, ಎಣಿಸಿದ್ದು ಮರೆತದ್ದಕ್ಕೆ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು. ನನ್ನ ಸರದಿ ಬಂತು ಎಂದುಕೊಂಡೆ. ಲೆಕ್ಕದ ಮೇಷ್ಟ್ರು ಎಣಿಕೆ ಮರೆತರೆ ಅವನ ಹತ್ತಿರ ಇನ್ನೇನು ಉಳಿಯುತ್ತದೆ? ಮಂಡಿಯ ಕಡೆ ಹೋಗುವುದನ್ನು ಬಿಟ್ಟೆ. ಕ್ಲಾಸಿನಲ್ಲಿ ಹದಿಮೂರರ ಮಗ್ಗಿಯನ್ನು ಹುಡುಗರ ಕೈಯಲ್ಲೇ ಹೇಳಿಸಿ, ತುಟಿ ಅಲ್ಲಾಡಿಸದೆ ಜೊತೆಯಲ್ಲಿ ಹೇಳಿಕೊಂಡು ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ.

ಹೆಂಡತಿ ಸರೋಜಳಿಗೆ ನಾನು ಇದನ್ನೇನೂ ಹೇಳಿರಲಿಲ್ಲ. ಅವಳು ನೋಡಿದ್ದು ಬೇರೆಯದನ್ನು. ಒಂದು ಮಧ್ಯಾಹ್ನ, ಫ್ಯಾನು ಐದರಲ್ಲಿ ತಿರುಗುತ್ತಿದ್ದಾಗ, ನಾನು ಉಣ್ಣೆಯ ಸ್ವೆಟರ್ ಹಾಕಿಕೊಂಡು ಕುಳಿತು ರಸಪೂರಿ ಹೀರುತ್ತಿದ್ದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನೆದುರು ನಿಂತು, ಸ್ವೆಟರಿನ ತೋಳನ್ನು ಹಿಡಿದು ನೋಡಿದಳು. ಆಮೇಲೆ, "ರೀ, ನಾಳೆ ಕೋಲಾರಕ್ಕೆ ಹೋಗ್ತಿದೀವಿ" ಎಂದಳು. ಯಾಕೆ ಎಂದು ಕೇಳಿದೆ. "ಮಾವಿನಹಣ್ಣಿನ ಕಾಲದಲ್ಲಿ ಸ್ವೆಟರ್ ಹಾಕ್ಕೊಂಡಿರೋ ಗಂಡಸನ್ನ ನಾನು ಈವರೆಗೆ ನೋಡಿಲ್ಲ. ಒಂದೋ ನಿಮಗೆ ಕಾಯಿಲೆ, ಇಲ್ಲಾಂದ್ರೆ ಆ ಸ್ವೆಟರಿಗೆ" ಎಂದಳು. ನಮ್ಮ ಮನೆಯಲ್ಲಿ ಮಾತು ಕನ್ನಡ, ಕೋಪ ತೆಲುಗು. ಅವತ್ತು ಅವಳು ಇದನ್ನೆಲ್ಲ ಕನ್ನಡದಲ್ಲೇ ಹೇಳಿದ್ದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕೋಲಾರದ ಡಾಕ್ಟರು ನಮ್ಮ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಹೊರಗೆ ಬೆಂಚಿನ ತುಂಬ ಹೆಂಗಸರೇ ಕುಳಿತಿದ್ದರು. ನಡುವೆ ನಾನೊಬ್ಬನೇ ಗಂಡಸು, ಅದೂ ಸ್ವೆಟರಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ವಕ್ಕಲೇರಿಯ ಅಜ್ಜಿಯೊಬ್ಬರು ಸರೋಜಳನ್ನು, "ನಿಂಗೇನಮ್ಮಾ, ಥೈರಾಯ್ಡಾ?" ಎಂದು ಕೇಳಿದರು. ಅವಳು ನನ್ನ ಕಡೆ ಕೈ ತೋರಿಸಿದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಗಂಡಸರಿಗೂ ಕೊಡ್ತಾನಾ ದೇವ್ರು" ಎಂದು ಸರಿದು ಜಾಗ ಮಾಡಿಕೊಟ್ಟರು. ಒಂದು ಸಮಾಜಕ್ಕೆ ಸದಸ್ಯನನ್ನು ಸೇರಿಸಿಕೊಳ್ಳುವಾಗ ಇರುವ ಗೌರವ ಅದರಲ್ಲಿತ್ತು.

ರಕ್ತದ ಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು, ಗ್ರಂಥಿ ತನ್ನ ಕೆಲಸ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ತೆಗೆದುಕೊಳ್ಳಬೇಕು, ಆಮೇಲೆ ಸ್ವಲ್ಪ ಹೊತ್ತು ಕಾಫಿ ಕೂಡ ಕುಡಿಯಬಾರದು ಎಂದರು. ನಾನು ದನಿ ತಗ್ಗಿಸಿ, ಎಣಿಸಿದ್ದು ಮರೆತುಹೋಗುವುದು ಕೂಡ ಇದರಿಂದಲೇ ಇರಬಹುದೇ ಎಂದು ಕೇಳಿದೆ. ಇರಬಹುದು, ಮಂಕು ಕವಿದ ಹಾಗಾಗುತ್ತದೆ, ಮಾತ್ರೆ ಹಿಡಿದ ಮೇಲೆ ತಿಳಿಯಾಗುವುದನ್ನು ನೋಡೋಣ ಎಂದರು. ಮರ ಸತ್ತಿದೆ ಎಂದುಕೊಂಡವನಿಗೆ ಬರೀ ನೀರಿನ ಪೈಪು ಕಟ್ಟಿಕೊಂಡಿದೆ ಎಂದು ಯಾರೋ ತೋರಿಸಿಕೊಟ್ಟ ಹಾಗಿತ್ತು. ಕಣ್ಣಲ್ಲಿ ನೀರು ಬಂತು. ಡಾಕ್ಟರು, ಇದೇನೂ ಗಾಬರಿಪಡುವ ಕಾಯಿಲೆಯಲ್ಲ ಎಂದು ಸಮಾಧಾನ ಹೇಳಿದರು. ನಾನು ಅತ್ತದ್ದು ಕಾಯಿಲೆ ಇದೆಯಲ್ಲ ಎಂಬ ಸಂತೋಷಕ್ಕೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಮಾತ್ರೆಯಿಂದ ಮಂಕು ಸರಿಯಿತು. ಸ್ವೆಟರ್ ಪೆಟ್ಟಿಗೆ ಸೇರಿತು. ಉಳಿದದ್ದು ತೂಕ. ಅದಕ್ಕೆ ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಗಣೇಶನ ಹಬ್ಬಕ್ಕೆ ಬಂದ ಬಾಮೈದ ಮಂಜು, ಮಾಲೂರಿನ ಕಾರ್ಖಾನೆಯಲ್ಲಿ ತನಗೆ ಬಹುಮಾನವಾಗಿ ಬಂದ ಒಂದು ಗಡಿಯಾರವನ್ನು ನನ್ನ ಕೈಗೆ ಕಟ್ಟಿದ. ನಾಡಿ ನೋಡುತ್ತದೆ, ಹೆಜ್ಜೆ ಎಣಿಸುತ್ತದೆ, ಎಷ್ಟು ಕ್ಯಾಲೊರಿ ಸುಟ್ಟಿರಿ ಎಂದು ಹೇಳುತ್ತದೆ ಎಂದ. ನನ್ನ ವಯಸ್ಸು, ಎತ್ತರ, ತೂಕವನ್ನೆಲ್ಲ ಅದಕ್ಕೆ ತುಂಬಿದ. ನನಗೆ ಗಡಿಯಾರದ ಮೇಲೆ ತಕ್ಷಣ ಗೌರವ ಹುಟ್ಟಿತು. ಅದೂ ನನ್ನ ಹಾಗೆಯೇ ಅಂದಾಜುಗಾರ. ಒಂದೇ ಕಸುಬಿನವರು ಒಬ್ಬರನ್ನೊಬ್ಬರು ನಂಬಬೇಕು.

ಮಾರನೆಯ ದಿನ ಕೆರೆ ಕಟ್ಟೆಯ ಮೇಲೆ ನಡೆದು ಬಂದೆ. ಗಡಿಯಾರ ಮುನ್ನೂರ ಎಂಬತ್ತು ಎಂದಿತು. ಮೊಬೈಲಿನಲ್ಲಿ ಹುಡುಕಿದರೆ ಅದು ಹೆಚ್ಚುಕಡಿಮೆ ಒಂದೂವರೆ ಒಬ್ಬಟ್ಟಿಗೆ ಸಮ. ಇದು ನನಗೆ ಹೊಳೆದ ಗಳಿಗೆ ಒಳ್ಳೆಯದಾಗಿರಲಿಲ್ಲ. ಅಲ್ಲಿಂದ ನನಗೆ ಕೆರೆ ಕಟ್ಟೆ ಕಾಣುವುದೇ ನಿಂತುಹೋಯಿತು. ಮೊದಲ ತಿರುವಿನವರೆಗೆ ಅರ್ಧ ಒಬ್ಬಟ್ಟು, ತೂಬಿನವರೆಗೆ ಒಂದು, ವಾಪಸು ಬರುವಷ್ಟರಲ್ಲಿ ತುಪ್ಪಕ್ಕೂ ಲೆಕ್ಕ ಹೊಂದುತ್ತಿತ್ತು. ಆದರೂ ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಕಸುಬಿನ ಶಿಸ್ತಿನ ಪ್ರಕಾರ ಗಡಿಯಾರದ ಸಂಖ್ಯೆಯಲ್ಲಿ ಮೊದಲು ಗಾಳಿಪಾಲು ಕಳೆದೆ: ನಡೆಯುವಾಗ ಮಾತಿಗೆ ನಿಂತದ್ದಕ್ಕೆ. ಆಮೇಲೆ ಗಿಳಿಪಾಲು ಕಳೆದೆ: ಗಡಿಯಾರದ ಉತ್ಸಾಹಕ್ಕೆ. ಕೊನೆಗೆ ಥೈರಾಯ್ಡ್ ಪಾಲು ಎಂದು ಒಂದು ಹೊಸ ಪಾಲನ್ನೂ ಸೃಷ್ಟಿಸಿ ಕಳೆದೆ. ಇಷ್ಟು ಕಳೆದರೂ ಒಂದು ಒಬ್ಬಟ್ಟು ಉಳಿಯಿತು. ಇಷ್ಟು ಪ್ರಾಮಾಣಿಕವಾಗಿ ಉಳಿದದ್ದನ್ನು ತಿನ್ನದಿರುವುದು ಹೇಗೆ?

ಒಬ್ಬಟ್ಟು ದಿನಾ ಇರುವುದಿಲ್ಲ ಎಂಬುದು ನಿಜ. ಇಲ್ಲದ ದಿನ ಅದನ್ನು ಮುದ್ದೆಗೆ, ಬೆಣ್ಣೆಗೆ, ಸಂಜೆಯ ಪಕೋಡಕ್ಕೆ ಬದಲಿಸಿಕೊಳ್ಳುತ್ತಿದ್ದೆ. ಒಂದು ದಿನ ಸರೋಜಳಿಗೆ ಕೈ ನೋವೆಂದು ನಾನೇ ಮುದ್ದೆ ತೊಳಸಿದೆ. ಕೋಲು ತಿರುವಿದ ರಭಸಕ್ಕೆ ಗಡಿಯಾರ ನಾನೆಲ್ಲೋ ಓಡುತ್ತಿದ್ದೇನೆಂದು ತಿಳಿದು ಹೆಜ್ಜೆ ಎಣಿಸಿ, ಕ್ಯಾಲೊರಿ ಸೇರಿಸಿ, ಭೇಷ್ ಎಂದು ಕೈಯಲ್ಲಿ ನಡುಗಿತು. ಒಂದು ಮುದ್ದೆ ಮಾಡುವುದರಲ್ಲೇ ಅರ್ಧ ಮುದ್ದೆ ಜೀರ್ಣವಾಗುತ್ತದೆ ಎಂದು ನಾನು ಸಂಭ್ರಮದಿಂದ ವರದಿ ಮಾಡಿದೆ. ಅವಳು ಕೋಲನ್ನು ತೊಳೆದು ನನ್ನ ಕೈಗೇ ವಾಪಸು ಕೊಟ್ಟು, "ಹಾಗಾದ್ರೆ ನಾಳೆಯಿಂದ ಇದು ನಿಮ್ಮ ವ್ಯಾಯಾಮ" ಎಂದಳು. ಅಂದಿನಿಂದ ನಮ್ಮ ಮನೆಯ ಮುದ್ದೆ ನಾನೇ ಮಾಡುತ್ತೇನೆ. ಗಂಟು ಬೀಳುವುದು ಈಚೆಗೆ ಕಡಿಮೆಯಾಗಿದೆ.

ಸರೋಜಳ ತಂದೆ ಮುಳಬಾಗಿಲಿನಲ್ಲಿ ದನದ ವ್ಯಾಪಾರದ ದಲ್ಲಾಳಿಯಾಗಿದ್ದವರು. ಆ ಕಾಲದಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತಿದ್ದರು. ಸುತ್ತ ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಈ ವಿದ್ಯೆ ಮಗಳಿಗೂ ಬಂದಿದೆ ಎಂಬುದು ನನಗೆ ಗೊತ್ತಾದದ್ದು ಆ ದೀಪಾವಳಿಯಲ್ಲಿ, ಮಾಲೂರಿನ ಮಂಜುವಿನ ಮನೆಯ ಪಂಕ್ತಿಯಲ್ಲಿ. ಒಬ್ಬಟ್ಟಿನ ತಟ್ಟೆ ನನ್ನ ಹತ್ತಿರ ಬಂತು. ಮಂಜು ನನ್ನ ಮಣಿಕಟ್ಟು ನೋಡಿ, "ಭಾವಾ, ನಾನೂರು ಸುಟ್ಟಿದೀರ, ಹಾಕಿಸ್ಕೊಳ್ಳಿ" ಎಂದು ಹುರಿದುಂಬಿಸಿದ. ಪಕ್ಕದಲ್ಲಿ ಕುಳಿತಿದ್ದ ಸರೋಜಳ ಸೆರಗು ನನ್ನ ಎಡಗೈ ಮೇಲೆ ಬಂದು ಬಿತ್ತು. ಒಳಗೆ ಅವಳು ನನ್ನ ಒಂದೇ ಒಂದು ಬೆರಳನ್ನು ಹಿಡಿದಳು. ನಾನು ಮುಖದಲ್ಲಿ ಏನೂ ತೋರಿಸದೆ ಅವಳ ಮೂರು ಬೆರಳು ಹಿಡಿದೆ. ಅವಳು ನನ್ನ ಆ ಒಂದು ಬೆರಳನ್ನು ತಿರುವಿದಳು. "ಚಾಲು", ಅಂದರೆ ಸಾಕು, ಎಂದು ಬಾಯಿ ಬಿಟ್ಟು ಹೇಳಿದಳು. ತೆಲುಗಿನಲ್ಲಿ ಹೇಳಿದ್ದರಿಂದ ವ್ಯಾಪಾರ ಅಲ್ಲಿಗೆ ಮುಗಿಯಿತು. ಬಡಿಸುವವರಿಗೆ ನಾವಿಬ್ಬರೂ ಈ ವಯಸ್ಸಿನಲ್ಲಿ ಕೈ ಕೈ ಹಿಡಿದು ಕುಳಿತಿದ್ದೇವೆ ಎಂದು ಕಂಡು ಬಹಳ ಸಂತೋಷವಾಯಿತಂತೆ.

ಹಬ್ಬ ಮುಗಿದ ಮೇಲೆ ಕೋಲಾರಕ್ಕೆ ಹೋದೆವು. ತೂಕ ಮೂರು ಕಿಲೋ ಏರಿತ್ತು. ನಾನು ಗಡಿಯಾರ ಬಿಚ್ಚಿ ಡಾಕ್ಟರ ಮೇಜಿನ ಮೇಲೆ ಸಾಕ್ಷಿಯ ಹಾಗೆ ಇಟ್ಟು, ಇಷ್ಟು ಸುಟ್ಟರೂ ಏರುತ್ತಿರುವುದಕ್ಕೆ ಥೈರಾಯ್ಡೇ ಕಾರಣವಿರಬೇಕು ಎಂದು ವಾದಿಸಿದೆ. ಅವರು ರಕ್ತದ ರಿಪೋರ್ಟು ತೋರಿಸಿ, ಥೈರಾಯ್ಡ್ ಈಗ ಹದಕ್ಕೆ ಬಂದಿದೆ, ಅದರ ಪಾಲಿಗೆ ಇಷ್ಟು ಭಾರ ಹೊರಿಸಬೇಡಿ ಎಂದು ನಕ್ಕರು. ಆಮೇಲೆ ಗಡಿಯಾರವನ್ನು ಕೈಗೆತ್ತಿಕೊಂಡು ಬಿಡಿಸಿ ಹೇಳಿದರು. ಇದಕ್ಕೆ ಗೊತ್ತಿರುವುದು ನಿಮ್ಮ ವಯಸ್ಸು, ಎತ್ತರ, ತೂಕ, ನಾಡಿ. ನಿಮ್ಮ ಹಾಗಿರುವ ಒಬ್ಬ ಸಾಮಾನ್ಯ ಮನುಷ್ಯ ಎಷ್ಟು ಸುಡಬಹುದೋ ಅದನ್ನು ಇದು ಹೇಳುತ್ತದೆ. ನಿಮ್ಮ ಗ್ರಂಥಿ ಎಷ್ಟು ದಿನ ಮಲಗಿತ್ತು, ಈಗ ಎಷ್ಟು ಎದ್ದಿದೆ ಎಂಬುದು ಇದಕ್ಕೆ ತಿಳಿಯದು. ಸಾಲದ್ದಕ್ಕೆ, ನೀವು ನಡೆಯದೆ ಅಷ್ಟೂ ಹೊತ್ತು ಕುರ್ಚಿಯಲ್ಲಿ ಕುಳಿತಿದ್ದರೂ ಉಸಿರಾಡುವುದಕ್ಕೇ ಒಂದಷ್ಟು ಸುಡುತ್ತಿದ್ದಿರಿ. ಎಷ್ಟೋ ಸಲ ಅದನ್ನೂ ಸೇರಿಸಿಯೇ ತೋರಿಸುತ್ತದೆ.

ತೋಪಿನ ಒಳಗೆ ಕಾಲಿಡದೆ, ರಸ್ತೆಯಲ್ಲಿ ಬೈಕು ನಿಲ್ಲಿಸಿ, ಬೇಲಿಯಾಚೆಯಿಂದಲೇ ಟನ್ನು ಹೇಳಿಹೋಗುವ ಹುಡುಗಾಟದ ದಲ್ಲಾಳಿಗಳನ್ನು ನಾನು ಎಷ್ಟು ಬೈದಿಲ್ಲ? ಅಂಥವನೊಬ್ಬನನ್ನು ಹಬ್ಬದಿಂದೀಚೆಗೆ ಕೈಗೆ ಕಟ್ಟಿಕೊಂಡು ತಿರುಗುತ್ತಿದ್ದೆ. ಹಾಗಾದರೆ ಇದನ್ನು ಎಸೆದುಬಿಡಲೇ ಎಂದು ಕೇಳಿದೆ. "ಎಸೀಬೇಡಿ ಸಾರ್. ಬೇರೆಯವರ ಜೊತೆ ಹೋಲಿಸ್ಕೋಬೇಡಿ, ಊಟಕ್ಕೆ ಬದಲಿಸ್ಕೋಬೇಡಿ. ಹೋದ ತಿಂಗಳ ನಿಮ್ಮ ಜೊತೆ ಈ ತಿಂಗಳ ನಿಮ್ಮನ್ನ ಹೋಲಿಸಿ. ಅಷ್ಟಕ್ಕೆ ಇದು ಸಾಕು" ಎಂದರು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಅವರ ಮಾತು ಕೋಲಾರದ ಆಸ್ಪತ್ರೆಯಲ್ಲಿ, ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳ ಬಾಯಲ್ಲಿ ಕೇಳಿಸಿದ್ದರಿಂದ ನಾನು ಎದ್ದು ನಿಂತು ಕೈ ಮುಗಿದೆ. ಸರೋಜ ಬಾಗಿಲಾಚೆ ಬಂದ ಮೇಲೆ, "ಅಷ್ಟು ಯಾಕೆ ಮುಗಿದ್ರಿ, ಅವರೇನು ಒಬ್ಬಟ್ಟು ತಿನ್ನಿ ಅಂದ್ರಾ?" ಎಂದು ಕೇಳಿದಳು.

ಜನವರಿ ಬಂತು. ಮರಗಳು ಹೂ ಬಿಟ್ಟವು. ನಾನು ಯಾವ ತೋಪಿನ ಕಡೆಯೂ ತಲೆ ಹಾಕಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಖಾದರ್ ಭಾಯ್ ಮನೆಗೇ ಬಂದು ಜಗಲಿಯ ಮೇಲೆ ಕುಳಿತರು. ಅದೇ ತಾಯಲೂರಿನ ತೋಪನ್ನು ಈ ಸಲವೂ ನೋಡಬೇಕಿದೆ, ಹೊರಡಿ ಎಂದರು. ನಾನು ಅವರಿಗೆ ಕಾಯಿಲೆಯ ಕಥೆಯನ್ನೆಲ್ಲ ಹೇಳಿ, ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ, ಇನ್ನೊಂದು ಸಲ ನಿಮಗೆ ಹಾಗಾದರೆ ನಾನು ತಡೆಯಲಾರೆ ಎಂದೆ. ಅವರು ಕಾಫಿಯ ಲೋಟ ಕೆಳಗಿಟ್ಟರು.

"ಅರೇ ಮೇಷ್ಟ್ರೇ, ಥೈರಾಯ್ಡ್ ನಿಮ್ಮ ಗಂಟಲಲ್ಲಿರೋದು. ಕಣ್ಣಲ್ಲಿ ಅಲ್ವಲ್ಲ?"

ಮರವೇ ಒಂದು ವರ್ಷ ಬಿಟ್ಟರೆ ಒಂದು ವರ್ಷ ಕೈಕೊಡುತ್ತದೆ, ಹಾಗಂತ ಯಾರಾದರೂ ಕಡಿದು ಹಾಕುತ್ತಾರಾ ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಒಳಗಿನಿಂದ ಸರೋಜ ನನ್ನ ಟೋಪಿ, ನೀರಿನ ಬಾಟಲಿ ತಂದು ಕೈಗಿಟ್ಟಳು. ತಾನೂ ಚಪ್ಪಲಿ ಮೆಟ್ಟಿಕೊಂಡಳು. ಕರೆದವರಾರು ಎಂದು ನೋಡಿದೆ. ಯಾರೂ ಕರೆದಿರಲಿಲ್ಲ.

ತೋಪಿನಲ್ಲಿ ಅವಳು ಮೊದಲ ಮರದ ನೆರಳಿನಲ್ಲಿ ಕುಳಿತಳು. ನಾನು ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅಪ್ಪ ಹೊಸದಾಗಿ ಕಲಿಯುವವರಿಗೆ ಒಂದು ಉಪಾಯ ಹೇಳಿಕೊಡುತ್ತಿದ್ದರು: ಒಂದು ಸಾಲು ಮುಗಿದ ಕೂಡಲೇ ಆ ಸಾಲಿನದೊಂದು ಎಲೆ ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಕೈ ನುರಿತ ಮೇಲೆ ಅದು ನಾಚಿಕೆಯ ವಿಷಯ. ನಾನು ಮೀಸೆ ಬಂದಾಗಲೇ ಬಿಟ್ಟಿದ್ದೆ. ಅವತ್ತು ಪ್ರತಿ ಸಾಲಿಗೂ ಕಿತ್ತೆ. ಪ್ರತಿ ಮರವನ್ನೂ ಅದರ ಹೋದ ವರ್ಷದ ಜೊತೆ ಹೋಲಿಸಿದೆ. ಗಾಳಿಪಾಲು ಕಳೆದೆ, ಗಿಳಿಪಾಲು ಕಳೆದೆ, ಕಾವಲುಪಾಲು, ದಾರಿಹೋಕರ ಪಾಲು ಕಳೆದೆ. ಖಾದರ್ ಭಾಯ್ ದೂರದಲ್ಲೇ ನಿಂತು ಒಂದು ಸಲವೂ ಅವಸರ ಮಾಡಲಿಲ್ಲ. ಜೇಬಿನ ತುಂಬ ಎಲೆಯಾದ ಮೇಲೆ ಬಂದು, ಒಂಬತ್ತೂವರೆ ಎಂದೆ. ಅವರು ತಲೆಯಾಡಿಸಿ ತೋಪು ಹಿಡಿದರು. ಅಷ್ಟೇ. ವಾಪಸು ಬರುವ ದಾರಿಯಲ್ಲಿ ನಾನು ಗಡಿಯಾರಕ್ಕೆಂದು ಕೈ ಚಾಚಿದೆ. ಸರೋಜ ಗಡಿಯಾರವನ್ನು ವಾಪಸು ಕಟ್ಟಲಿಲ್ಲ. ಕೈಯನ್ನೇ ಹಿಡಿದುಕೊಂಡಳು. ಆ ಹಿಡಿತದಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ.

ಅಲ್ಲಿಂದ ಜೂನಿನವರೆಗೆ ನಾನು ಪಟ್ಟ ಪಾಡನ್ನು ಆ ಗಡಿಯಾರವೇ ಹೇಳಬೇಕು. ಏಪ್ರಿಲ್ಲಿನಲ್ಲಿ ಗಾಳಿಯೆದ್ದಾಗಲೆಲ್ಲ ತಾಯಲೂರಿನ ಕಡೆ ಎಷ್ಟು ಉದುರಿತೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಕುರ್ಚಿಯಲ್ಲಿ ಅಲ್ಲಾಡದೆ ಕುಳಿತಿದ್ದರೂ ಗಡಿಯಾರ ನಾಡಿ ನೋಡಿ, ಇವನು ಯಾವುದೋ ಗುಡ್ಡ ಹತ್ತುತ್ತಿದ್ದಾನೆ ಎಂದು ಕ್ಯಾಲೊರಿ ಬರೆದುಕೊಳ್ಳುತ್ತಿತ್ತು. ಭಯಕ್ಕೂ ಒಬ್ಬಟ್ಟು ಸಿಗುತ್ತದೆ ಎಂದಾದರೆ ನಾನು ಆ ತಿಂಗಳು ಒಂದು ಮದುವೆಗಾಗುವಷ್ಟು ಗಳಿಸಿದ್ದೆ. ಆದರೆ ಯಾವುದನ್ನೂ ಬದಲಿಸಿಕೊಳ್ಳಲಿಲ್ಲ. ಸರೋಜ ಕುರುಡುಮಲೆಯ ಗಣೇಶನಿಗೆ ಹರಕೆ ಹೊತ್ತಳು. ಹೋಗಿ ಕೈ ಮುಗಿದು ಬಂದೆವು. ಆಳೆತ್ತರವನ್ನೂ ಮೀರಿದ ಆ ಮೂರ್ತಿಯ ಮುಂದೆ, ಆ ಹೊಟ್ಟೆಯ ಮುಂದೆ ನಿಂತಾಗ ನನಗೆ ಯಾವಾಗಲೂ ಒಂದು ಸಮಾಧಾನ. ಇಷ್ಟು ಕಾಲ ಕಡುಬು ತಿಂದರೂ ಅವನನ್ನು ಯಾರೂ ಕೋಲಾರಕ್ಕೆ ಕರೆದುಕೊಂಡು ಹೋಗಿಲ್ಲ.

ಜೂನಿನಲ್ಲಿ ತೋಪಿನ ಕಾಯಿಯೆಲ್ಲ ಇಳಿದು, ಕೊನೆಯ ಲೋಡು ಶ್ರೀನಿವಾಸಪುರದ ಮಂಡಿಗೆ ಬಂದ ದಿನ ಖಾದರ್ ಭಾಯ್ ಫೋನ್ ಮಾಡಿ, ಬನ್ನಿ ಎಂದರು. ಏನಾಯಿತು ಎಂದು ಹೇಳಲಿಲ್ಲ. ಸರೋಜಳೂ ಜೊತೆಗೆ ಬಂದಳು. ಕ್ರೇಟುಗಳು ಒಂದೊಂದಾಗಿ ತಕ್ಕಡಿಯ ಹಲಗೆ ಏರಿ ಇಳಿದವು. ಬರೆದುಕೊಳ್ಳುತ್ತಿದ್ದವನು ಹಿಂದಿನ ಲೋಡುಗಳ ಜೊತೆ ಕೂಡಿಸಿ ಒಟ್ಟು ಒಂಬತ್ತು ಟನ್ನು ಆರುನೂರು ಕಿಲೋ ಎಂದ. ನನಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳು ಎಂದೆ. ಅವನು ಹೇಳಿದ. ಖಾದರ್ ಭಾಯ್ ತಮ್ಮ ಹೆಗಲ ಟವೆಲ್ ತೆಗೆದು ಒಂದು ಕುರ್ಚಿ ಒರೆಸಿ ನನ್ನ ಮುಂದಿಟ್ಟರು. ಕುಳಿತುಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಸಲದ ನಿಧಾನ ಥೈರಾಯ್ಡಿನದಲ್ಲ.

ಖುಷಿಯಾದಾಗ ಮಂಡಿಯವರಿಗೆ ಯಾರನ್ನಾದರೂ ರೇಗಿಸಬೇಕೆನಿಸುತ್ತದೆ. ತೋಪಿನ ತೂಕ ಸರಿ, ಮೇಷ್ಟ್ರ ತೂಕ ಎಷ್ಟೆಂದು ಯಾರೋ ಕೇಳಿದರು. ತಕ್ಷಣ ಪಂದ್ಯ ಏರ್ಪಟ್ಟಿತು. ಹಳೆಯ ಪದ್ಧತಿಯಂತೆ ಖಾದರ್ ಭಾಯ್ ಕೈ ಮೇಲೆ ಟವೆಲ್ ಹೊದಿಸಿಕೊಂಡರು. ಒಬ್ಬೊಬ್ಬರಾಗಿ ಬಂದು ನನ್ನನ್ನು ಬಾದಾಮಿ ಮರವನ್ನು ನೋಡುವ ಹಾಗೆ ಸುತ್ತಲೂ ನೋಡಿ, ಟವೆ‌ಲಿನೊಳಗೆ ಬೆರಳು ಹಿಡಿದು ತಮ್ಮ ಅಂದಾಜು ಹೇಳಿಹೋದರು. ಮೊದಲು ಹತ್ತುಗಳು, ಆಮೇಲೆ ಬಿಡಿಗಳು. ಸರೋಜಳೂ ಸೆರಗಿನ ತುದಿ ಸರಿಮಾಡಿಕೊಂಡು ಹೋಗಿ ಹೇಳಿದಳು. ಕೊನೆಯದು ನನ್ನ ಸರದಿ. ಹೋದ ಹಬ್ಬದಿಂದ ಈಚೆಗೆ ನಡೆದದ್ದು, ಬಿಟ್ಟದ್ದು, ಗಡಿಯಾರ ತೋರಿಸಿದ್ದು ಎಲ್ಲವನ್ನೂ ಮನಸ್ಸಿನಲ್ಲಿ ಕೂಡಿ ಕಳೆದು, ಬಹಳ ಜವಾಬ್ದಾರಿಯಿಂದ ಎಪ್ಪತ್ತೊಂದು ಹಿಡಿದೆ. ಆಮೇಲೆ ಚಪ್ಪಲಿ ಬಿಟ್ಟು ಹಲಗೆ ಏರಿದೆ. ಎಪ್ಪತ್ತೆಂಟು.

ಮಂಡಿಯಲ್ಲಿ ಇದ್ದವರೆಲ್ಲರೂ ಎಪ್ಪತ್ತೇಳರಿಂದ ಎಪ್ಪತ್ತೊಂಬತ್ತರ ಒಳಗೇ ಹೇಳಿದ್ದರು. ಒಬ್ಬರು ಮಾತ್ರ ಸರಿಯಾಗಿ ಎಪ್ಪತ್ತೆಂಟು ಹಿಡಿದಿದ್ದರು. ಅವರು ಯಾರು ಎಂದು ಹೇಳಬೇಕಾಗಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಾ ನಿಂತಿದ್ದರು. ಖಾದರ್ ಭಾಯ್ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

"ಏನ್ ಮೇಷ್ಟ್ರೇ, ನಿಮ್ಮ ಮೈಗೂ ಗಾಳಿಪಾಲು ಕಳೆದುಬಿಟ್ರಾ?"

ಗಡಿಯಾರವನ್ನು ಡಾಕ್ಟರ ಮೇಜಿನ ಮೇಲಿಟ್ಟ ದಿನಕ್ಕೆ ಹೋಲಿಸಿದರೆ ಎಪ್ಪತ್ತೆಂಟು ಎಂದರೆ ನಾಲ್ಕು ಕಿಲೋ ಇಳಿತ. ಅದೇ ಮರ, ಹೋದ ವರ್ಷಕ್ಕಿಂತ ಪರವಾಗಿಲ್ಲ. ಈ ಮಾತನ್ನು ನಾನು ಎಲ್ಲರಿಗೂ ವಿವರಿಸಲು ಹೊರಟೆ, ಆದರೆ ನಾನು ಮೊದಲ ವಾಕ್ಯ ಮುಗಿಸುವಷ್ಟರಲ್ಲಿ ಅವರೆಲ್ಲ ಮುಂದಿನ ಲೋಡು ಇಳಿಸಲು ಹೋಗಿದ್ದರು. ಮನೆಗೆ ಬಂದ ಮೇಲೆ ಸರೋಜ ಖಾದರ್ ಭಾಯ್ ಕೊಟ್ಟ ಕ್ರೇಟಿನಿಂದ ಒಂದು ಬಾದಾಮಿ ತೆಗೆದು ಹೆಚ್ಚಿದಳು. ಎರಡು ಕೆನ್ನೆಗಳನ್ನು ತನ್ನ ತಟ್ಟೆಗೆ ಹಾಕಿಕೊಂಡು, ವಾಟೆಯನ್ನು ನನ್ನ ಕೈಗೆ ಕೊಟ್ಟು, ಇದು ಗಿಳಿಪಾಲು ಎಂದಳು. ವಾಟೆಗೆ ಅಂಟಿಕೊಂಡಿರುವ ತಿರುಳು ಎಷ್ಟಿರಬಹುದೆಂದು ನಾನು ತಿರುಗಿಸಿ ನೋಡಿದೆ. ಹೇಳಲಿಲ್ಲ. ಸ್ವಂತದ ವಿಷಯದಲ್ಲಿ ಅಂದಾಜು ಹೇಳುವುದನ್ನು ಬಿಟ್ಟಿದ್ದೇನೆ. ಆ ಕೆಲಸಕ್ಕೆ ಮನೆಯಲ್ಲಿ ನನಗಿಂತ ನುರಿತವರು ಇದ್ದಾರೆ.